ರಾಗವಿಲ್ಲದ ಮಗ್ಗಿ

ಕೆಂಚಾಪುರದ ದೊರೆ ದೊಡ್ಡಮಲ್ಲರಾಯನಿಗೆ ಒಂದು ದಿನ ಜ್ಞಾನೋದಯವಾಯಿತು. ದೊರೆಗೆ ಜ್ಞಾನೋದಯವಾದರೆ ಪ್ರಜೆಗಳಿಗೆ ಗ್ರಹಚಾರ.

"ಶಾಲೆಯಲ್ಲಿ ಹಾಡು, ಕೋಲಾಟ, ಚಿತ್ತಾರ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಇನ್ನು ಲೆಕ್ಕ, ಬರಹ ಎರಡೇ. ಶಾಲೆಯಲ್ಲಿ ರಾಗ ಎಳೆದವರಿಗೆ ಹತ್ತು ಛಡಿಯೇಟು. ಹಾಡಿನ ಮೇಷ್ಟ್ರು ಶೇಷಗಿರಿಯಪ್ಪ ಊರು ಬಿಡಲಿ!"

ಆಸ್ಥಾನವೆಲ್ಲ "ಭೇಷ್" ಎಂದಿತು. ಮೂವತ್ತು ವರ್ಷ ಅದೇ ಶಾಲೆಯಲ್ಲಿ ಹಾಡಿಸಿ, ಈಗ ಆಸ್ಥಾನದ ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರ ಕಣ್ಣು ತುಂಬಿತು. ಎಲ್ಲರಿಗಿಂತ ಜೋರಾಗಿ ಭೇಷ್ ಎಂದವನು ಆಸ್ಥಾನದ ಜಾಣ ಚಿಕ್ಕೀರಪ್ಪ.

"ನಾಳೆ ತಾವೇ ಶಾಲೆಗೆ ದಯಮಾಡಿಸಬೇಕು, ಬುದ್ಧಿ. ಹಾಡು ನಿಂತ ಮೇಲೆ ಲೆಕ್ಕ ಎಷ್ಟು ಚುರುಕಾಗಿದೆ ಅಂತ ಕಣ್ಣಾರೆ ನೋಡಬೇಕು. ಅಲ್ಲಿವರೆಗೂ ಮೇಷ್ಟ್ರು ಇರಲಿ, ಅವರೂ ನೋಡಿ ಬುದ್ಧಿ ಕಲಿಯಲಿ."

ಮಾರನೆಯ ದಿನ ದೊರೆ ಜಗಲಿಯ ಮೇಲೆ ಕೂತು, "ಹತ್ತೊಂಬತ್ತರ ಮಗ್ಗಿ ಹೇಳಿ" ಎಂದ.

ಚಿಕ್ಕೀರಪ್ಪ ಛಡಿ ಹಿಡಿದು ನಿಂತ. "ರಾಗ ಬಂದರೆ ಜೋಕೆ!"

ಒಬ್ಬ ಹುಡುಗಿ ಮೂರ್ಲಕ್ಕೆ ತಡವರಿಸಿ ನಿಂತಳು. ಮತ್ತೊಬ್ಬ ಎರಡ್ಲಕ್ಕೇ ತಲೆ ಕೆರೆದುಕೊಂಡ. ಉಳಿದವರು ಸೂರು ನೋಡಿದರು.

"ದಂಡಪಿಂಡಗಳಾ! ನಾನು ಹೇಳ್ತೀನಿ, ಕೇಳಿ!" ದೊರೆ ಶುರುಮಾಡಿದ. "ಹತ್ತೊಂಬತ್ತೊಂದ್ಲ ಹತ್ತೊಂಬತ್ತು... ಹತ್ತೊಂಬತ್ತೆರಡ್ಲ ಮೂವತ್ತೆಂಟು..." ನಾಲ್ಕ್ಲಕ್ಕೆ ಮೈ ತೂಗಿತು. ಆರ್ಲಕ್ಕೆ ಕಿರೀಟವೂ ತೂಗಿತು. ಹತ್ಲದವರೆಗೆ ನೀರು ಕುಡಿದ ಹಾಗೆ ಹೇಳಿ ಮುಗಿಸಿದ.

"ಅಪರಾಧಿ ಸಿಕ್ಕ!" ಎಂದ ಚಿಕ್ಕೀರಪ್ಪ.

"ಯಾರಯ್ಯಾ ಅವನು?"

"ತಾವೇ, ಬುದ್ಧಿ. ರಾಗ ಎಳೆದಿರಿ."

"ನಾನು ಹಾಡಲಿಲ್ಲ, ಮಗ್ಗಿ ಹೇಳಿದೆ."

"ಹಾಗಾದರೆ ರಾಗ ಬಿಟ್ಟು ಇನ್ನೊಂದು ಸಲ ಅಪ್ಪಣೆಯಾಗಲಿ."

ದೊರೆ ಶುರುಮಾಡಿದ. ಮೂರ್ಲಕ್ಕೆ ನಿಂತ. ಕೆಮ್ಮಿದ. ಛಡಿಯ ಕಡೆ ನೋಡಿದ. "ಆ ಛಡಿ ಆಚೆಗೆ ಇಡಯ್ಯಾ. ಮಕ್ಕಳೇ, ನೀವು ಹಾಡಿಕೊಂಡೇ ಹೇಳಿ."

ಅಷ್ಟೂ ಮಕ್ಕಳು ಒಂದೇ ಕೊರಳಲ್ಲಿ ಹಾಡಿದರು. ಒಂದು ತಪ್ಪಿಲ್ಲ.

"ಸರಿ, ಲೆಕ್ಕಕ್ಕೆ ರಾಗದಿಂದ ಉಪಯೋಗ ಉಂಟು," ಎಂದ ದೊರೆ. "ಮೇಷ್ಟ್ರು ಇರಲಿ. ಆದರೆ ಮಗ್ಗಿಗೆ ಮಾತ್ರ ರಾಗ. ಮಿಕ್ಕ ಹಾಡೆಲ್ಲ ದಂಡ."

ಕೆಲಸ ಉಳಿಯಿತಲ್ಲ ಎಂದು ನಗಬೇಕೋ, ಹಾಡು ಹೋಯಿತಲ್ಲ ಎಂದು ಅಳಬೇಕೋ ಮೇಷ್ಟ್ರಿಗೆ ತಿಳಿಯಲಿಲ್ಲ. ಚಿಕ್ಕೀರಪ್ಪ ಕೈಮುಗಿದ.

"ಅಪ್ಪಣೆ, ಬುದ್ಧಿ. ಒಂದೇ ಒಂದು ಸಂಶಯ. ಮಗ್ಗಿ ಆಗಲೇ ಮುಗಿಯಿತು. ತಮ್ಮ ಬೆರಳು ತೊಡೆಯ ಮೇಲೆ ಇನ್ನೂ ಯಾವ ಲೆಕ್ಕ ಮಾಡ್ತಾ ಇದೆ?"

ದೊರೆ ತನ್ನ ಬೆರಳು ನೋಡಿಕೊಂಡ. ತಾಳ ಹಾಕುತ್ತಲೇ ಇತ್ತು. ಹೊಟ್ಟೆ ಕುಲುಕುವಷ್ಟು ನಕ್ಕು, ಕಿರೀಟ ತೆಗೆದು ಪಕ್ಕಕ್ಕಿಟ್ಟು, ಚಕ್ಕಳಮಕ್ಕಳ ಹಾಕಿ ಕೂತ.

"ಮೇಷ್ಟ್ರೇ, ಮಕ್ಕಳಿಗೆ ಇನ್ನೂ ಯಾವ ಯಾವ ಹಾಡು ಬರುತ್ತೆ?"