ಕೊಳೆಮಾರಿಯ ಪಾಲು

ಒಂದಾನೊಂದು ಕಾಲದಲ್ಲಿ ಹೊಳೆ ನಡುವಿನ ದಿಬ್ಬದ ಮೇಲೆ ಒಂದು ಮನೆ ಇತ್ತಂತೆ, ಉಗುರು ಕಚ್ಚಬೇಡ, ಕೇಳು. ಆ ಮನೇಲಿ ಸಾಕವ್ವ ಅಂತ ಅತ್ತೆ, ಅವಳಿಗೆ ಮೂರು ಜನ ಸೊಸೆಯರು, ಇಡೀ ಮನೆಗೆ ಒಂದೇ ಒಂದು ಮಗು. ಅದು ಕಿರಿಸೊಸೆ ದ್ಯಾವಿಯದು, ಇನ್ನೂ ತೊಟ್ಟಿಲಲ್ಲೇ ಇತ್ತಂತೆ. ಒಂದು ಸಲ ಹೊಳೆ ತುಂಬಿ ತೆಪ್ಪ ನಿಂತುಹೋಯ್ತು, ಗಂಡಸರೆಲ್ಲ ಆಚೆ ದಡದಲ್ಲಿ ಸಿಕ್ಕಿಹಾಕ್ಕೊಂಡರು. ನೀರು ಇಳಿಯೋ ತನಕ ಮನೇಲಿರೋ ತರಕಾರಿಯೇ ಗತಿ, ಅದೂ ಕೊಳೀಬಾರದು. ಯಾಕೆ ಗೊತ್ತಾ? ಆ ಹೊಳೇಲಿ ಕೊಳೆಮಾರಿ ಇದ್ದಳಂತೆ. ಕೊಳೆತ ವಾಸನೆ ಬಂದ ಮನೆಗೆ ದೀಪ ಹಚ್ಚೋ ಹೊತ್ತಿಗೆ ನುಗ್ಗೋಳಂತೆ, ಕೊಳೆತದ್ದನ್ನೆಲ್ಲ ನುಂಗಿ ಜೊತೆಗೆ ಒಂದು ಜೀವಾನೂ ಎತ್ಕೊಂಡು ಹೋಗೋಳಂತೆ. ಕೊಳೆತದ್ದು ಇಲ್ಲದ ಮನೇಲಿ ಮಾತ್ರ ಒಂದು ಗಳಿಗೇನೂ ನಿಲ್ಲಕ್ಕಾಗದು ಅವಳಿಗೆ.

ದೊಡ್ಡ ಸೊಸೆಗೆ ತೊಳೆಯೋ ಹುಚ್ಚು. ಬದನೆಕಾಯಿ, ಸೌತೆಕಾಯಿ ಎಲ್ಲಾ ತಿಕ್ಕಿ ತೊಳೆದು, ನೀರು ಸೋರ್ತಿದ್ದ ಹಾಗೇ ಬುಟ್ಟಿಗೆ ತುಂಬಿದಳಂತೆ. ಒದ್ದೆ ಆರಲಿಲ್ಲ, ಲೋಳೆ ಬಂತು, ವಾಸನೆ ಎದ್ದಿತು. ಆಮೇಲೆ ಮುಸ್ಸಂಜೇಲಿ ಹೊಳೆ ಕಡೆಯಿಂದ ಪಚಕ್ ಪಚಕ್ ಅಂತ ಹೆಜ್ಜೆ ಸದ್ದು, ಬಾಗಿಲ ಚಿಲಕ ತಾನೇ ಬಿಚ್ಚಿಕೊಂಡಿತಂತೆ. ನೋಡಿದ್ರೆ ಬುಟ್ಟಿ ಖಾಲಿ, ಕೊಟ್ಟಿಗೇಲಿ ಕರು ಇಲ್ಲ. ಅಯ್ಯೋ, ಹಸು ಕೂಗಿದ್ದೂ ಕೂಗಿದ್ದೇ ಅಂತೆ.

ನಡುವಲ ಸೊಸೆ ನಾನು ಬಚ್ಚಿಡ್ತೀನಿ ಅಂದ್ಕೊಂಡು ಹಣ್ಣಾದ ಬಾಳೆಗೊನೆ, ಹಸಿ ಕಾಯಿ ಎಲ್ಲಾ ಒಟ್ಟಿಗೆ ಮರದ ಪೆಟ್ಟಿಗೇಲಿ ತುರುಕಿ ಮುಚ್ಚಳ ಜಡಿದಳಂತೆ. ಗಾಳಿ ಆಡಬೇಡ್ವೇನೇ ಪೆದ್ದಿ? ಹಣ್ಣಿನ ಕಾವಿಗೆ ಕಾಯೂ ಕೊಳೆತುಹೋದವು. ಮತ್ತೆ ಪಚಕ್ ಪಚಕ್. ಈ ಸಲ ಬಾಗಿಲು ಕಾಯ್ತಿದ್ದ ನಾಯಿ ಇಲ್ಲ. ಇನ್ನು ನಮ್ಮ ಸರದಿ ಕಣ್ರೇ ಅಂತ ಸಾಕವ್ವ ತೊಟ್ಟಿಲು ನೋಡಿ ಎದೆ ಹಿಡ್ಕೊಂಡಳಂತೆ.

ಆಮೇಲೆ ದ್ಯಾವಿ ಉಳಿದದ್ದನ್ನೆಲ್ಲ ತನ್ನ ಕೈಗೆ ತಗೊಂಡು, ನಿಂಬೆಹಣ್ಣು ಒಣ ಮರಳಲ್ಲಿ ಹೂತು, ಈರುಳ್ಳೀನ ಗಾಳಿಗೆ ಹರಡಿ, ಕುಂಬಳಕಾಯಿಗೆ ಬೂದಿ ಸವರಿ ಒಂದಕ್ಕೊಂದು ತಾಕದಂಗೆ ಸೂರಿಗೆ ತೂಗುಹಾಕಿದಳಂತೆ. ದಿನಾ ಒಂದೊಂದನ್ನೂ ಮುಟ್ಟಿ ನೋಡೋಳು. ಆದ್ರೆ ಒಂದು ಕುಂಬಳಕಾಯಿ ತೊಟ್ಟಿನ ಹತ್ರ ಮೆತ್ತಗಾಗಿತ್ತಂತೆ. ಅದು ಅವಳಪ್ಪ ತವರಿಂದ ಹೊತ್ತು ತಂದು ಕೊಟ್ಟಿದ್ದು, ಅಪ್ಪ ಈಗಿಲ್ಲ. ಕೊಯ್ಯಕ್ಕೆ ಮನಸ್ಸು ಬರಲಿಲ್ಲ. ಅತ್ತೆಗೂ ಹೇಳದೆ ಮೆತ್ತಗಿದ್ದ ಕಡೆ ಗೋಡೆಗೆ ತಿರುಗಿಸಿಟ್ಟಳಂತೆ, ಹುಚ್ಚಿ!

ಅವತ್ತು ಮುಸ್ಸಂಜೇಲಿ ಪಚಕ್ ಪಚಕ್. ಕಾಲು ಒಳಗೆ ಎಳ್ಕೋ ಮಗಾ. ದೀಪ ಆರಿತು, ಕೊಳೆಮಾರಿ ಒಳಗೇ ಬಂದಳು, ಮೈಯೆಲ್ಲ ಲೋಳೆ, ಮುಖಾನೇ ಇಲ್ಲ, ಬರೀ ಬಾಯಿ. ಒಂದು ಕೈ ಕುಂಬಳಕಾಯಿ ಕಡೆ, ಇನ್ನೊಂದು ಕೈ ತೊಟ್ಟಿಲೊಳಗೆ! ಮಿಕ್ಕವರೆಲ್ಲ ಮೂಲೆ ಸೇರಿದರಂತೆ. ದ್ಯಾವಿ ಅಪ್ಪನ ಕಾಯಿ ಕಿತ್ತು, ಈಳಿಗೆ ಮಣೆ ಎಳ್ಕೊಂಡು, ಕೊಳೆತಿದ್ದ ಹೋಳನ್ನ ಕೊಯ್ದು ಅವಳ ಬಾಯಿಗೇ ಎಸೆದಳಂತೆ. ತಗೊಳ್ಳೇ ನಿನ್ನ ಪಾಲು, ಇನ್ನು ಈ ಮನೇಲಿ ನಿನ್ನದು ಒಂದು ಚೂರೂ ಇಲ್ಲ, ನನ್ನ ಮಗು ಬಿಡು ಅಂದಳಂತೆ. ಕೊಳೆಮಾರಿ ಮರಳು ಮೂಸಿದಳು, ಈರುಳ್ಳಿ ಮೂಸಿದಳು, ಮಗೂನೂ ಮೂಸಿದಳು. ಎಲ್ಲೂ ಕೊಳೆತ ವಾಸನೆ ಇಲ್ಲ, ಇನ್ನು ನಿಲ್ಲಕ್ಕಾಗಲಿಲ್ಲ ಅವಳಿಗೆ. ಕೈ ಎಳ್ಕೊಂಡು ಹೊಳೆಗೆ ಇಳಿದುಹೋದಳಂತೆ.

ದ್ಯಾವಿ ಮಗೂನ ಅವುಚ್ಕೊಂಡು ಅತ್ತಳಂತೆ, ಮಗು ಉಳೀತಲ್ಲಾ ಅಂತ ಒಂದಷ್ಟು, ಅಪ್ಪನ ಕಾಯಿ ಹೋಯ್ತಲ್ಲಾ ಅಂತ ಒಂದಷ್ಟು. ಅತ್ತೆ ಬೈಯಲಿಲ್ಲ. ಉಳಿದ ಒಳ್ಳೇ ಹೋಳನ್ನ ಹುಳಿ ಮಾಡಿ ಮೊದಲ ತುತ್ತು ದ್ಯಾವಿಗೇ ತಿನ್ನಿಸಿ, ನಿಮ್ಮಪ್ಪ ಇದನ್ನ ನೀನು ತಿನ್ಲಿ ಅಂತಲೇ ತಂದಿದ್ದು ಕಣವ್ವಾ ಅಂದಳಂತೆ. ಆಮೇಲೆ ಹೊಳೆ ಇಳೀತು, ತೆಪ್ಪ ಬಂತು, ಎಲ್ಲರೂ ಸುಖವಾಗಿದ್ದರಂತೆ. ಕತೆ ಅಲ್ಲಿಗೆ ಮುಗೀತು, ನೀನಿನ್ನು ಕಣ್ಣು ಮುಚ್ಚು.