ಬಳೆಗಾರನಲ್ಲಿ ಉಳಿದ ಟಿಕೆಟ್ಟು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ವಸ್ತು ನನ್ನದು. ದುಡ್ಡು ಕೊಟ್ಟು ಕೊಂಡದ್ದು. ಇನ್ನೊಬ್ಬ ತಾನಾಗಿಯೇ ಬಂದು ಅದನ್ನು ಹಲವು ಪಟ್ಟು ಬೆಲೆಗೆ ಕೇಳುತ್ತಾನೆ. ಕೊಟ್ಟರೆ ಅವನಿಗೂ ಸಂತೋಷ, ನನಗೂ ಸಂತೋಷ. ಅದನ್ನು ತಪ್ಪು ಎನ್ನುವುದೇಕೆ?"

ಗುರುಗಳು ಆಗತಾನೇ ಊಟ ಮುಗಿಸಿ ಕೈ ತೊಳೆದು ಬಂದಿದ್ದರು. ಕಂಬಕ್ಕೆ ಒರಗಿ ಕುಳಿತು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನಿಗೂ ಅವನ ಹೆಂಡತಿಗೂ ನಾಟಕದ ಹುಚ್ಚು. ಆ ವರ್ಷ ಒಂದು ನಾಟಕ ಕಂಪನಿ ಆ ಊರಿಗೆ ಬಂದು ತಗಡಿನ ಥಿಯೇಟರು ಕಟ್ಟಿತು. ಆಡುತ್ತಿದ್ದದ್ದು ನಗೆ ನಾಟಕ. ಅದರಲ್ಲಿ ಜಗಳಗಂಟಿ ಅತ್ತೆಯ ಪಾತ್ರ ಮಾಡುವ ನಟಿಯ ಮಾತುಗಳು ಎಲ್ಲರ ಬಾಯಲ್ಲಿ ಓಡಾಡುತ್ತಿದ್ದವು. ಸೊಸೆಯಂದಿರು ಅತ್ತೆಯರನ್ನು ಕರೆದುಕೊಂಡು ಹೋಗಿ ತೋರಿಸಿದರು. ಅತ್ತೆಯರು ಅದು ಪಕ್ಕದ ಮನೆಯವಳ ಕತೆ ಎಂದುಕೊಂಡು ನಕ್ಕು ಬಂದರು. ಬಳೆಗಾರ ಕಡೆಯ ಆಟಕ್ಕೆ ಎರಡು ಟಿಕೆಟ್ಟು ತೆಗೆದಿಟ್ಟ.

ಆಟದ ದಿನ ಬೆಳಿಗ್ಗೆ ಸುದ್ದಿ ಬಂತು. ಹೆಂಡತಿಯ ತಂಗಿಗೆ ಹೆರಿಗೆಯಾಗಿತ್ತು. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಹೆಂಡತಿ ತಡಮಾಡಲಿಲ್ಲ, ಸೀರೆಗಳನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಹೊರಟಳು. ಹೊಸ್ತಿಲು ದಾಟುವಾಗ ಹೇಳಿದಳು: "ನನ್ನ ಕುರ್ಚಿ ಖಾಲಿ ಬಿಡಬ್ಯಾಡ್ರಿ. ಯಾರರೆ ಕುಂತು ನಗಲಿ."

ಸಂಜೆ ಬಳೆಗಾರ ಎರಡು ಟಿಕೆಟ್ಟು ಜೇಬಿನಲ್ಲಿಟ್ಟುಕೊಂಡು ಥಿಯೇಟರಿಗೆ ಹೋದ. ಬಾಗಿಲಲ್ಲಿ ಹೌಸ್‌ಫುಲ್ ಬೋರ್ಡು ತೂಗುತ್ತಿತ್ತು. ಒಳಗೆ ಹೋಗುವವರಿಗಿಂತ ಹೊರಗೆ ನಿಂತವರೇ ಹೆಚ್ಚಾಗಿದ್ದರು. "ನನ್ನ ಹತ್ರ ಒಂದು ಟಿಕೆಟ್ ಹೆಚ್ಚಿಗಿ ಐತಿ" ಎಂದು ಅವನು ಒಬ್ಬನಿಗೆ ಹೇಳಿದ್ದೇ ತಡ, ನಾಲ್ಕು ಕಡೆಯಿಂದ ಜನ ತಿರುಗಿ ನೋಡಿದರು.

ಮೊದಲು ಬಂದವನು ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡಿದ್ದ. "ಟಿಕೆಟ್ ಇಲ್ಲಿ ಕೊಡ್ರಿ. ನಮ್ಮ ಸಾಹುಕಾರ್ರು ಅಲ್ಲಿ ಗಾಡ್ಯಾಗ ಕುಂತಾರ. ಅವರಿಗೆ ತೋರಿಸಿ ರೊಕ್ಕ ತರ್ತೀನಿ" ಎಂದ. ಬಳೆಗಳನ್ನು ಆರಿಸಿ, ಮನೆಯಲ್ಲಿ ತೋರಿಸಿ ಬರುತ್ತೇವೆ ಎಂದು ಒಯ್ದವರನ್ನು ಬಳೆಗಾರ ತನ್ನ ಜೀವಮಾನದಲ್ಲಿ ಬೇಕಾದಷ್ಟು ಕಂಡಿದ್ದ. "ನಡೀರಿ, ನಾನೂ ಬರ್ತೀನಿ" ಎಂದ. ಆ ಮನುಷ್ಯನಿಗೆ ಕೂಡಲೇ ಬೇರೆ ಏನೋ ಕೆಲಸ ನೆನಪಾಯಿತು.

ಆಮೇಲೆ ಬಂದವನು ಒಬ್ಬ ಕಾಳಿನ ವ್ಯಾಪಾರಿ. ಅವನು ಮೋಸಗಾರನಲ್ಲ. ಮನೆಗೆ ಬಂದ ಬೀಗರನ್ನೆಲ್ಲ ಆಟಕ್ಕೆ ಕರೆತಂದಿದ್ದ, ಒಂದು ಟಿಕೆಟ್ಟು ಕಡಿಮೆ ಬಿದ್ದಿತ್ತು. ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ. "ಐದು ಪಟ್ಟು ಕೊಡ್ತೀನಿ. ತಗೋರಿ, ಇಲ್ಲೇ, ಈಗಲೇ" ಎಂದು ನೋಟುಗಳನ್ನು ಮುಂದೆ ಹಿಡಿದ. ಬಳೆಗಾರನ ಕೈ ಜೇಬಿಗೆ ಹೋಯಿತು. ಬಾಣಂತಿಗೆ ಒಂದು ಸೀರೆ, ಕೂಸಿಗೆ ಒಂದು ತೊಟ್ಟಿಲು ಅವನ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಒಬ್ಬ ಪೊಲೀಸ್ ಪೇದೆ ಅವರ ಎದುರೇ ಹಾದುಹೋದ. ಹೆಚ್ಚು ಬೆಲೆಗೆ ಟಿಕೆಟ್ಟು ಮಾರುತ್ತಿದ್ದ ಒಬ್ಬನ ತೋಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದ. ಬಳೆಗಾರ ಜೇಬಿನಿಂದ ಬರಿಗೈ ಹೊರಗೆ ತೆಗೆದ.

ಅವನನ್ನು ಆಗ ತಡೆದದ್ದು ಧರ್ಮ ಎಂದು ನಾನು ಹೇಳುವುದಿಲ್ಲ. ಅವನಿಗೆ ಹೆದರಿಕೆಯಾಯಿತು, ಅಷ್ಟೇ. ಹೆದರಿಕೆಯೂ ಒಮ್ಮೊಮ್ಮೆ ನೆಟ್ಟಗಿನ ದಾರಿ ತೋರಿಸುತ್ತದೆ.

ಅವನು ಸೀದಾ ಟಿಕೆಟ್ ಕೊಡುವ ಕಿಟಕಿಗೆ ಹೋಗಿ, ತನ್ನಲ್ಲಿ ಉಳಿದದ್ದನ್ನು ಏನು ಮಾಡಬೇಕೆಂದು ಕೇಳಿದ. ಕಿಟಕಿಯಲ್ಲಿದ್ದ ಗುಮಾಸ್ತ ಟಿಕೆಟ್ಟನ್ನು ತಿರುವಿ ನೋಡಿ ಹೇಳಿದ: "ಇದರ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ತಗೊಂಡ್ರ ಅದು ಕಾಳಸಂತಿ. ಅಷ್ಟ ಬೆಲೆಗೆ ಇಲ್ಲೇ ವಾಪಸ್ ಕೊಡ್ರಿ. ಸಾಲಿನ್ಯಾಗ ಮೊದಲು ನಿಂತವರಿಗೆ ನಾನು ಕೊಡ್ತೀನಿ, ಅವರ ರೊಕ್ಕ ನಿಮಗೆ ಬರ್ತದ. ಖರೇ ಟಿಕೆಟ್ಟೋ ಖೊಟ್ಟಿಯೋ ಅಂತ ಬಾಗಿಲ ಮುಂದ ಯಾರೂ ಜಗಳಾಡೂದಿಲ್ಲ." ಬಳೆಗಾರನಿಗೆ ಇದು ಸಲೀಸು ಅನ್ನಿಸಿತು. ಟಿಕೆಟ್ಟನ್ನು ಒಳಗೆ ಸರಿಸಿದ.

ಕಿಟಕಿಯ ಮುಂದೆ ಸಾಲು ಎಂಬುದು ಉಳಿದಿರಲಿಲ್ಲ. ಹೌಸ್‌ಫುಲ್ ಎಂದ ಕೂಡಲೇ ಎಲ್ಲರೂ ಚದುರಿ ಹೋಗಿದ್ದರು. ಒಬ್ಬಳು ವಯಸ್ಸಾದ ಹೆಂಗಸು ಮಾತ್ರ ಗೋಡೆಗೆ ಕೈಯೂರಿ ನಿಂತಿದ್ದಳು. ಟಿಕೆಟ್ಟು ಇಲ್ಲ ಎಂದು ಗುಮಾಸ್ತ ಅವಳಿಗೆ ಆಗಲೇ ಹೇಳಿದ್ದ. "ಇರಲೇಳಪ್ಪ, ನಿಂತಿರ್ತೀನಿ" ಎಂದಿದ್ದಳು. ಗುಮಾಸ್ತ ಅವಳನ್ನು ಕರೆದ. ಅವಳು ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು ಟಿಕೆಟ್ಟು ತೆಗೆದುಕೊಂಡಳು.

ಕಾಳಿನ ವ್ಯಾಪಾರಿ ಇದನ್ನೆಲ್ಲ ನೋಡುತ್ತಿದ್ದ. ಬೀಗರನ್ನು ಒಳಗೆ ಕಳಿಸಿ, ತಾನು ಪಾನ್ ಅಂಗಡಿಯ ಬೆಂಚಿನ ಮೇಲೆ ಕುಳಿತ. ತಗಡಿನ ಗೋಡೆ. ಕಾಣದಿದ್ದರೂ ಎಲ್ಲ ಕೇಳಿಸುತ್ತಿತ್ತು.

ಎರಡು ಕುರ್ಚಿಗಳೂ ಒಂದರ ಪಕ್ಕ ಒಂದು. ಪರದೆ ಏಳುವ ಮೊದಲು ಬಳೆಗಾರ ಮಾತಿಗೆ ಕೇಳಿದ: "ನಾಟಕ ಅಂದ್ರ ಭಾಳ ಇಷ್ಟ ಏನವ್ವ ನಿನಗ?"

"ಇಲ್ಲಪ್ಪ. ಇದ ಮೊದಲ ನೋಡೂದು. ಆ ಅತ್ತಿ ಪಾರ್ಟು ಮಾಡ್ತಾಳಲ್ಲ, ಆಕಿ ನನ್ನ ಮಗಳು, ಸಾವಂತ್ರಿ."

ಅವಳು ಬೇರೆ ಊರಿನಲ್ಲಿ ಖಾನಾವಳಿ ನಡೆಸುವವಳು. ಮಗಳು ನಾಟಕಕ್ಕೆ ಸೇರುತ್ತೇನೆ ಎಂದ ದಿನ, ಈ ಹೊಸ್ತಿಲು ಮತ್ತೆ ತುಳಿಯಬೇಡ ಎಂದು ಹೇಳಿಬಿಟ್ಟಿದ್ದಳು. ಮಗಳೂ ಅವಳ ಹೊಟ್ಟೆಯಲ್ಲೇ ಹುಟ್ಟಿದವಳು, ತುಳಿಯಲಿಲ್ಲ. ವರ್ಷಗಳು ಹೋದವು. ಅಂದು ಬೆಳಿಗ್ಗೆ ಊಟಕ್ಕೆ ಬಂದವರೊಬ್ಬರು ಈ ನಾಟಕದ ಮಾತು ತೆಗೆದು, ಅತ್ತೆಯ ಪಾರ್ಟು ಸಾವಂತ್ರಿಯದು ಎಂದರು. ಕಂಪನಿ ನಾಳೆ ಗಂಟುಮೂಟೆ ಕಟ್ಟುತ್ತದೆ, ಮುಂದಿನ ಮುಕ್ಕಾಮು ಬಹಳ ದೂರ ಎಂದೂ ಹೇಳಿದರು. ಅವಳು ಒಲೆ ಆರಿಸಿ ಬಸ್ಸು ಹತ್ತಿದ್ದಳು.

"ಒಳಗ ಒಂದು ಮಾತು ಹೇಳಿ ಕಳಿಸಿದ್ರ ಪುಕ್ಕಟೆ ಮುಂದಿನ ಸಾಲಿನ್ಯಾಗ ಕೂಡಿಸ್ತಿದ್ರಲ್ಲವ್ವ."

"ಯಾವ ಬಾಯಿಲೆ ಕೇಳ್ಲಿ?" ಎಂದಳು ಅವಳು.

ಪರದೆ ಎದ್ದಿತು. ಅತ್ತೆ ರಂಗಕ್ಕೆ ಬಂದಳು. ಸೊಂಟದ ಮೇಲೆ ಒಂದು ಕೈ, ಸೆರಗಿನ ತುದಿ ಬಾಯಲ್ಲಿ, ಒಂದು ಕಾಲು ಎಳೆದು ನಡೆಯುವ ನಡಿಗೆ. ಬಂದವಳೇ ಸೊಸೆ ಬಡಿದ ರೊಟ್ಟಿಯನ್ನು ದೀಪಕ್ಕೆ ಹಿಡಿದು, ಇದರೊಳಗಿಂದ ನಮ್ಮ ಊರು ಕಾಣುತ್ತದೆ ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಳೆಗಾರನೂ ನಕ್ಕ. ಪಕ್ಕಕ್ಕೆ ತಿರುಗಿ ನೋಡಿದರೆ ಆ ಹೆಂಗಸು ನಗುತ್ತಿರಲಿಲ್ಲ. ಅವಳು ಟಿಕೆಟ್ಟು ಕೊಳ್ಳಲು ಮುಂದೆ ಬಂದಾಗ ಕಾಲು ಎಳೆದೇ ನಡೆದಿದ್ದಳು. ಕಿಟಕಿಯ ಬಳಿ ಸೆರಗಿನ ತುದಿ ಅವಳ ಬಾಯಲ್ಲೇ ಇತ್ತು. ತುಂಬಿದ ಥಿಯೇಟರು ನಗುತ್ತಿದ್ದದ್ದು ತನ್ನ ಪಕ್ಕದಲ್ಲಿ ಕುಳಿತವಳನ್ನೇ ಎಂದು ಅವನಿಗೆ ತಿಳಿಯಿತು. ಇವಳು ಈಗ ಎದ್ದು ಹೋಗುತ್ತಾಳೆ ಎಂದುಕೊಂಡ. ಕಾಲು ಮಡಚಿ ದಾರಿಯನ್ನೂ ಬಿಟ್ಟ.

ಅವಳು ಏಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ಅವನ ಕಡೆಗೆ ಬಾಗಿ, "ನನ್ನ ನಡಗೀನ ಕದ್ದಾಳ ನೋಡು" ಎಂದಳು. ಹಾಗೆಂದವಳೇ ನಕ್ಕಳು. ಅದು ಸಣ್ಣ ನಗೆಯಲ್ಲ. ಒಮ್ಮೆ ಸುರುವಾದರೆ ಕೆಮ್ಮಿನಲ್ಲಿ ಮುಗಿಯುವ ನಗೆ. ಸುತ್ತಲಿನವರೆಲ್ಲ ನಿಲ್ಲಿಸಿದ ಮೇಲೂ ಅದು ನಡೆದೇ ಇತ್ತು.

ರಂಗದ ಮೇಲೆ ಅತ್ತೆ ಮಾತು ಮರೆತು ನಿಂತಳು. ಆ ನಗೆಯನ್ನು ಅವಳು ಹುಟ್ಟಿದಾಗಿನಿಂದ ಕೇಳಿದವಳು. ಹಾರ್ಮೋನಿಯಂ ಪೇಟಿ ಬಾರಿಸುವವನು ತಲೆ ಎತ್ತಿ ನೋಡಿದ. ಅವಳು ದೀಪಕ್ಕೆ ಕೈ ಅಡ್ಡ ಹಿಡಿದು ಕತ್ತಲೆಯ ಕಡೆ ಮುಖ ಮಾಡಿ, ಅತ್ತೆಯ ದನಿಯಲ್ಲೇ ಗದರಿಸಿದಳು: "ಯಾರದು ಅಲ್ಲೆ ಹಲ್ಲು ಕಿಸಿಯೂದು? ಉಂಡು ಬಂದೀಯಿಲ್ಲೋ?"

"ಉಂಡೀನಿ. ನೀ ಆಟ ನಡಸು" ಎಂದು ಕತ್ತಲೆಯಿಂದ ಉತ್ತರ ಬಂತು.

ಜನ ಅದೂ ನಾಟಕದ ಭಾಗವೆಂದು ತಿಳಿದು ಚಪ್ಪಾಳೆ ಹೊಡೆದರು. ಹೊರಗೆ ಬೆಂಚಿನ ಮೇಲೆ ಕುಳಿತ ವ್ಯಾಪಾರಿಯೂ ಹೊಡೆದನಂತೆ. ಆಟ ಮುಂದುವರಿಯಿತು. ಆ ಅತ್ತೆ ಅಷ್ಟು ಚೆನ್ನಾಗಿ ಹಿಂದೆಂದೂ ಜಗಳಾಡಿರಲಿಲ್ಲ.

ಆಟ ಮುಗಿದ ಮೇಲೆ ಮಗಳು ಬಿಳಿಗೂದಲಿನ ಟೋಪಿ ತೆಗೆಯುವುದನ್ನೂ ಮರೆತು ಕೆಳಗೆ ಓಡಿ ಬಂದಳು. ತಾಯಿಯ ಎದುರು ನಿಂತಳು. ತಾಯಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನಾ ಎಳಿಯೂದು ಎಡಗಾಲು. ನೀ ಬಲಗಾಲು ಎಳಿಯಾಕತ್ತೀದಿ. ಮಾಡೂದಿದ್ರ ಸರಿಯಾಗಿ ಮಾಡು" ಎಂದಳು. ಮಗಳು ನಗಲು ಹೋಗಿ ಅತ್ತಳು. ತಾಯಿ ಸೆರಗಿನಿಂದ ಅವಳ ಮುಖ ಒರೆಸಿದಳು. ಬಣ್ಣವೆಲ್ಲ ಸೀರೆಗೆ ಹತ್ತಿತು.

ಬಳೆಗಾರ ಮರುದಿನ ಕೂಸನ್ನು ನೋಡಲು ಹೋದ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಆ ನಗೆಯನ್ನು ಮತ್ತೆ ಮತ್ತೆ ನಕ್ಕು ತೋರಿಸಲು ಹೇಳಿದಳು. ನಕ್ಕು ನಕ್ಕು ಹೊಲಿಗೆ ಬಿಚ್ಚೀತು, ನಿಲ್ಲಿಸಿರಿ ಎಂದು ಬಾಣಂತಿ ಬೇಡಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಇನ್ನೂ ನಗೆ ಇತ್ತು. ಸ್ವಲ್ಪ ಯೋಚಿಸಿ ಅವನು ಹೇಳಿದ: "ಆದರೆ ಗುರುಗಳೇ, ಬಳೆಗಾರ ಅದನ್ನು ವ್ಯಾಪಾರಿಗೆ ಮಾರಿದ್ದರೂ ಚೆನ್ನಾಗಿಯೇ ಆಟ ನೋಡಿ ಬರುತ್ತಿದ್ದ. ಕಿಟಕಿಯ ಹತ್ತಿರ ಅಂಥವಳೊಬ್ಬಳು ನಿಂತಿದ್ದಳು ಎಂಬುದೇ ಅವನಿಗೆ ಗೊತ್ತಾಗುತ್ತಿರಲಿಲ್ಲ."

"ಹೌದಪ್ಪ," ಎಂದರು ಗುರುಗಳು, "ನಾವು ಸಂತೋಷವಾಗಿ ಮನೆಗೆ ಹೋಗುವುದು ಬಹಳ ಸಲ ಹಾಗೆಯೇ."