ಹಾಳು ಮನೆಗೆ ಅಜ್ಜನವರು ಕೇಳಿದ ಬೆಲೆ

ಕುಂಚಗೇರಿ ಪೇಟೆಯ ಹಿಂದಿನ ಓಣಿಯಲ್ಲಿ ಪೂಜ್ಯ ಶ್ರೀ ಹಾಲಯ್ಯ ಅಜ್ಜನವರ ಮಠವಿತ್ತು. ಮಠವೆಂದರೆ ಎರಡು ಖೋಲಿ, ಒಂದು ಪಡಸಾಲೆ, ಹೊರಗೊಂದು ಬೇವಿನ ಮರ. ಪರಸ್ಥಳದ ಭಕ್ತರಿಗೆ ಮಲಗಲು ಅನುಕೂಲವಾಗಲೆಂದು ಅಜ್ಜನವರು ಹಳೆಯ ಹೊರಸುಗಳಿಗೆ ತಾವೇ ಹಗ್ಗ ಹೆಣೆಯುತ್ತಿದ್ದರು. ಪೂಜ್ಯರ ಕೈಗೆ ಇಂಥ ಕೆಲಸವೇ ಎಂದು ಯಾರಾದರೂ ನೊಂದುಕೊಂಡರೆ, "ಹಗ್ಗ ಸಡಲಾದ್ರ ಬೆನ್ನು ನೋಯೂದು ನಿಮ್ಮದಪಾ" ಎಂದು ನಗುತ್ತಿದ್ದರು.

ಒಂದು ಮುಂಜಾನೆ ಅವರು ಹೀಗೆ ಹಗ್ಗ ಎಳೆಯುತ್ತ ಕುಳಿತಿದ್ದಾಗ ಚನ್ನಮಲ್ಲಪ್ಪ, ಅವನ ತಂಗಿ ಗಿರಿಜವ್ವ ಬಂದು ನಮಸ್ಕರಿಸಿದರು. ತಂಗಿ ಭಕ್ತಿಯಿಂದ ಬಂದಿದ್ದಳು. ಅಣ್ಣ ಅವಳ ಕಾಟ ತಾಳಲಾರದೆ ಬಂದಿದ್ದ. ಪೇಟೆಯ ರೇಟು ಜೋಳಿಗೆ ಹಿಡಿದವರಿಗೇನು ಗೊತ್ತು ಎಂಬುದು ಅವನ ಅಭಿಪ್ರಾಯ.

ಇವರ ತಂದೆ ಪೇಟೆಯ ಮುಖ್ಯ ಬೀದಿಯಲ್ಲಿ ಒಂದು ಮನೆ ಬಿಟ್ಟು ಹೋಗಿದ್ದರು. ವರ್ಷಗಟ್ಟಲೆ ಬೀಗ ಬಿದ್ದು ಅದು ಹಾಳಾಗಿತ್ತು. ಇಬ್ಬರಿಗೂ ಸಮಪಾಲು, ಅದರಲ್ಲಿ ತಕರಾರಿಲ್ಲ. ಅಣ್ಣ ಮನೆ ಇಟ್ಟುಕೊಂಡು ತಂಗಿಗೆ ಅರ್ಧ ಬೆಲೆ ಕೊಡಬೇಕೆಂದು ಊರ ಹಿರಿಯರು ಹೇಳಿದ್ದರು. ಆದರೆ ಬೆಲೆ ಎಷ್ಟು? ಚನ್ನಮಲ್ಲಪ್ಪ ತಂಗಿಯ ಮುಂದೆ ಅದನ್ನು ಹಾಳುಗೋಡೆ ಎನ್ನುತ್ತಿದ್ದ. ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಬಟ್ಟೆ ವ್ಯಾಪಾರಿಯ ಮುಂದೆ ಅದೇ ಮನೆ ಬಂಗಾರದ ತುಂಡಾಗುತ್ತಿತ್ತು. ಸಾಲದ್ದಕ್ಕೆ, ಹಿರಿಯರು ಮನೆ ನೋಡಲು ಬರುವ ಮುನ್ನ ತಾನೇ ಮಾಡು ಹತ್ತಿ ಹೆಂಚು ಕಿತ್ತು ಕೆಳಗೆ ಹಾಕಿದ್ದ. ಗಾಳಿಗೆ ಬಿದ್ದವೆಂದು ಹೇಳಿದ್ದ. ಇದನ್ನು ಜಾಣತನ ಎಂದವರೂ ನಮ್ಮ ಪೇಟೆಯಲ್ಲಿದ್ದಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಏಕೆಂದರೆ ಗಿರಿಜವ್ವ ಗಂಡನನ್ನು ಕಳೆದುಕೊಂಡು, ಬಾಡಿಗೆಯ ಖೋಲಿಯಲ್ಲಿ ಖಾನಾವಳಿ ನಡೆಸಿಕೊಂಡಿದ್ದವಳು. ಮಾಲೀಕ ಖೋಲಿ ಬಿಡಲು ಹೇಳಿದ್ದ. ನ್ಯಾಯವಾದ ಪಾಲು ಸಿಕ್ಕರೆ ಒಲೆ ಹೂಡಲು ಸ್ವಂತ ಜಾಗ, ಇಲ್ಲದಿದ್ದರೆ ಬೀದಿ.

ಅಜ್ಜನವರು ಇಬ್ಬರ ಮಾತನ್ನೂ ಕೇಳಿದರು. ಹಗ್ಗದ ಗಂಟು ಬಿಗಿಯುತ್ತಲೇ ಕೇಳಿದರು, "ಹೊಲ ಪಾಲು ಮಾಡುವಾಗ ನಮ್ಮ ಕಡೆ ರಿವಾಜು ಏನು ತಮ್ಮಾ?"

"ದೊಡ್ಡಾವ ಪಾಲು ಹಾಕಬೇಕ್ರಿ, ಸಣ್ಣಾವ ಮೊದಲ ಆರಿಸ್ಕೋಬೇಕು."

"ಹಂಗಾದ್ರ ನೀನ ಬೆಲಿ ಹೇಳು. ಮನಿ ಬೇಕೋ, ಅರ್ಧ ರೊಕ್ಕ ಬೇಕೋ, ಆಕಿ ಆರಿಸ್ಲಿ. ಸಂಜೀಕ ಬರ್ರಿ."

ಚನ್ನಮಲ್ಲಪ್ಪ ಮಠದ ಹೊಸ್ತಿಲು ದಾಟುವಾಗ ನಗುತ್ತಿದ್ದ. ಓಣಿ ತಿರುಗುವಷ್ಟರಲ್ಲಿ ನಗು ನಿಂತಿತು. ಕಡಿಮೆ ಹೇಳಿದರೆ ತಂಗಿ ಮನೆಯನ್ನೇ ಆರಿಸಿ, ಅವನದೇ ಬೆಲೆಯ ಅರ್ಧವನ್ನು ಅವನ ಕೈಗಿಟ್ಟು ಕಳಿಸುತ್ತಾಳೆ. ಅವಳ ಬಳಿ ರೊಕ್ಕ ಇಲ್ಲದಿದ್ದರೂ, ಮುಂಗಡ ಹಿಡಿದು ವ್ಯಾಪಾರಿಯೇ ಅವಳ ಬಾಗಿಲಿಗೆ ಹೋಗುತ್ತಾನೆ. ಹೆಚ್ಚು ಹೇಳಿದರೆ ಅದರ ಅರ್ಧವನ್ನು ತಾನೇ ಕೊಡಬೇಕು. ಅತ್ತ ದರಿ, ಇತ್ತ ಪುಲಿ. ತನ್ನ ಅಂಗಡಿಯಲ್ಲಿ ಕುಳಿತ, ಎದ್ದ. ಊಟದ ತಟ್ಟೆಯ ಮುಂದೆ ಬೆರಳು ಮಡಚುತ್ತ ಒಂದು ಬೆಲೆ ಗೊತ್ತುಮಾಡಿದ, ಕೈ ತೊಳೆಯುವಾಗ ಅದನ್ನು ಇಳಿಸಿದ. ಬೀದಿಯಲ್ಲಿ ವ್ಯಾಪಾರಿ ಎದುರಾದಾಗ ಮತ್ತೆ ಏರಿಸಿದ. ಮಾತಾಡಿಸಿದವರ ಮೇಲೆ ರೇಗಿದ. ಕಾಲು ಎಲ್ಲಿಯೂ ನಿಲ್ಲದೆ, ಮಧ್ಯಾಹ್ನದ ಬಿಸಿಲಲ್ಲಿ ಆ ಹಾಳು ಮನೆಗೇ ಹೋದ.

ಬಾಗಿಲು ತೆರೆದಿತ್ತು. ಒಳಗೆ ಗಿರಿಜವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕೆಳಗೆ ಬಿದ್ದಿದ್ದ ಹೆಂಚುಗಳಲ್ಲಿ ಒಡೆಯದವನ್ನು ಆರಿಸಿ ಗೋಡೆಗೆ ಒರಗಿಸಿಡುತ್ತಿದ್ದಳು.

"ಏನ್ ಮಾಡಾಕತ್ತೀಯವಾ?"

"ಗಾಳಿಗೆ ಬಿದ್ದಾವಲ್ಲಣ್ಣಾ, ಭಾಳ ಚಲೋನ ಅದಾವ. ತುಳಿದಾಡಿದ್ರ ಒಡದು ಹೋಗ್ತಾವ. ಮನಿ ಯಾರ ಪಾಲಿಗೆ ಬಂದ್ರೂ ಹಂಚು ಬೇಕಲ್ಲಾ."

ಚನ್ನಮಲ್ಲಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂಜೆಯವರೆಗೆ ಕಾಯುವ ತಾಳ್ಮೆಯೂ ಉಳಿಯಲಿಲ್ಲ. ನೇರ ಮಠಕ್ಕೆ ಬಂದು ಅಜ್ಜನವರ ಪಾದ ಹಿಡಿದ. "ಅಜ್ಜಾರ, ನನ್ನ ಬಾಯಾಗ ಬೆಲಿ ಬರವಲ್ದು. ಹಂಚು ಗಾಳಿಗೆ ಬಿದ್ದಿಲ್ಲರಿ, ನಾನ ಕಿತ್ತೀನಿ. ಬೆಲಿನೂ ಆಕಿನ ಹೇಳ್ಲಿ, ಆರಸೂದೂ ಆಕಿನ ಆರಿಸ್ಲಿ. ನನ್ನಿಂದ ಆಗೂದಿಲ್ಲ." ಹೇಳುತ್ತ ಹೇಳುತ್ತ ದೊಡ್ಡ ಮೀಸೆಯ ಆ ಮನುಷ್ಯ ಅತ್ತುಬಿಟ್ಟ.

ಅಜ್ಜನವರು ಅವನ ತಲೆಯ ಮೇಲೆ ಕೈಯಿಟ್ಟರು. ಆ ಕೈಯ ತಂಪನ್ನು ಸಾಯುವತನಕ ಮರೆಯುವುದಿಲ್ಲವೆಂದು ಅವನೇ ಮುಂದೆ ಹೇಳಿಕೊಳ್ಳುತ್ತಿದ್ದ. ಆದರೆ ಅವರ ಮಾತಿನಲ್ಲಿ ರಿಯಾಯಿತಿ ಇರಲಿಲ್ಲ. "ನನ್ನ ಮುಂದ ಯಾಕ ಹೇಳ್ತಿ? ಹಂಚು ನಂದಲ್ಲ. ಆಕಿ ಮುಂದ ಹೇಳು, ಹೋಗು."

ಹೋಗುವುದು ಬರುವುದಕ್ಕಿಂತ ಕಷ್ಟವಾಯಿತು. ಓಣಿಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದ. ಅಜ್ಜನವರು ಮತ್ತೆ ಹಗ್ಗ ಕೈಗೆತ್ತಿಕೊಂಡಿದ್ದರು. ಹಾಳು ಮನೆ ಮುಟ್ಟಿ, ತಂಗಿಯ ಮುಖ ನೋಡದೆ, ಎಲ್ಲವನ್ನೂ ಹೇಳಿದ. ವ್ಯಾಪಾರಿ ಕೊಡಲು ಒಪ್ಪಿದ್ದ ಮೊತ್ತವನ್ನೂ ಮುಚ್ಚಿಡಲಿಲ್ಲ.

ಗಿರಿಜವ್ವ ಕೈಯಲ್ಲಿದ್ದ ಹೆಂಚನ್ನು ಕೆಳಗಿಟ್ಟಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ನಿಂತ. ಬೈದಿದ್ದರೆ ಹಗುರಾಗುತ್ತಿದ್ದನೇನೋ. ಅವಳು ತೆರೆದ ಮಾಡಿನ ಕಡೆ ನೋಡಿದಳು. ಮೂಡಣದಲ್ಲಿ ಮೋಡ ಕವಿದಿತ್ತು.

"ಬೆಲಿ ಆಮ್ಯಾಲ ಹೇಳ್ತೀನಿ," ಎಂದಳು. "ಮೊದಲ ಏಣಿ ತಾ."

ಆ ಸಂಜೆ ಪೇಟೆಯ ಜನರೆಲ್ಲ ನೋಡುತ್ತಿರುವಂತೆ ಚನ್ನಮಲ್ಲಪ್ಪ ಧೋತರದ ಕಚ್ಚೆ ಬಿಗಿದು ಮಾಡಿನ ಮೇಲೆ ಕುಳಿತಿದ್ದ. ತಂಗಿ ಕೆಳಗಿನಿಂದ ಒಂದೊಂದೇ ಹೆಂಚು ಎತ್ತಿ ಕೊಡುತ್ತಿದ್ದಳು, ಅವನು ಹೊಂದಿಸಿ ಕೂಡಿಸುತ್ತಿದ್ದ. ದಾರಿಯಲ್ಲಿ ಹೊರಟಿದ್ದ ಬಟ್ಟೆ ವ್ಯಾಪಾರಿ ಕುತೂಹಲ ತಡೆಯದೆ ನಿಂತು ಕೇಳಿದ, "ಅಂತೂ ಮನಿ ಯಾರ ಪಾಲಿಗೆ ಬಂತ್ರಿ ಗೌಡ್ರ?"

ಚನ್ನಮಲ್ಲಪ್ಪ ಕೈಯ ಕೆಲಸ ನಿಲ್ಲಿಸಲಿಲ್ಲ. "ಇನ್ನಾ ಗೊತ್ತಿಲ್ಲರಿ," ಎಂದು ಮುಂದಿನ ಹೆಂಚಿಗೆ ಕೈ ಚಾಚಿದ.